ಹೆಂಡತಿಗೊಂದು ಕ್ಯಾಮರಾ, ಕ್ಯಾಮರಾಕ್ಕೊಂದು ಟಿಕೆಟ್

ಸುದ್ದಿ ನೀವೂ ಓದಿರುತ್ತೀರಿ. ಕ್ಯಾನನ್ ಕಂಪನಿ 2016ರಲ್ಲಿ ಬಿಟ್ಟಿದ್ದ ಒಂದು ಜೇಬಿನ ಕ್ಯಾಮರಾವನ್ನು 2025ರಲ್ಲಿ ಧೂಳು ಒರೆಸಿ ಮತ್ತೆ ಮಾರಾಟಕ್ಕಿಟ್ಟಿತು. ಅದೇ 20 ಮೆಗಾಪಿಕ್ಸೆಲ್. ಅದೇ 12 ಪಟ್ಟು ಜೂಮ್. ಅಮೆರಿಕದಲ್ಲಿ ಆಗ 210 ಡಾಲರ್ ಇದ್ದದ್ದು ಈ ಸಲ 379 ಆಯಿತು. ಬರೀ ಬೆಲೆ ಏರಿಸಿದರೆ ಚೆನ್ನಾಗಿರಲ್ಲ ಅಂತಲೋ ಏನೋ, ಒಂದೆರಡು ಸೌಲಭ್ಯವನ್ನೂ ಕಿತ್ತು ಹಾಕಿದರು. ಮಾಮೂಲಿ ಎಸ್‌ಡಿ ಕಾರ್ಡ್ ಹೋಯಿತು. ಕೈಜಾರಿದರೆ ಕಸದ ಜೊತೆ ಗುಡಿಸಿಹೋಗುವ ಮೈಕ್ರೋ ಕಾರ್ಡ್ ಬಂತು. ವೈಫೈಯಲ್ಲಿ ನೇರ ಪ್ರಿಂಟ್ ಹಾಕುವುದೂ ಹೋಯಿತು. ಇದನ್ನು ಪ್ರಗತಿ ಅನ್ನದೆ ಇನ್ನೇನು ಅನ್ನೋಣ?

ನಾನು ಈ ಸುದ್ದಿಯನ್ನು ಕಾಲಹರಣಕ್ಕೆ ಓದಿದ್ದಲ್ಲ. ನಮ್ಮ ಮನೆಯವರಿಗೆ ಒಂದು ಕ್ಯಾಮರಾ ಬೇಕು. ಅವರ ಬೇಡಿಕೆಗಳು ತೀರಾ ಸಣ್ಣವು. ವ್ಯಾನಿಟಿ ಬ್ಯಾಗಿನಲ್ಲಿ ಹಿಡಿಸಬೇಕು. ಬಟನ್ ಒತ್ತಿದರೆ ಫೋಟೋ ಬರಬೇಕು. ದೂರದ್ದು ಸ್ವಲ್ಪ ಹತ್ತಿರ ಕಾಣಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಫೋಟೋ ತೆಗೆಯುವಾಗ ಅದಕ್ಕೆ ಫೋನ್ ಬರಬಾರದು. ಈ ಕೊನೆಯ ಷರತ್ತಿಗೆ ಕಾರಣ ದಸರಾ. ಬಿಸಿಲಲ್ಲಿ ಗಂಟೆಗಟ್ಟಲೆ ಕೂತು, ಕೊನೆಗೂ ಅಭಿಮನ್ಯು ಚಿನ್ನದ ಅಂಬಾರಿ ಹೊತ್ತು ಎದುರಿಗೆ ಬಂದಾಗ ಇವರ ಮೊಬೈಲ್ ಪರದೆ ತುಂಬ ಒಂದು ಅಪರಿಚಿತ ನಂಬರ್. ಪರ್ಸನಲ್ ಲೋನ್ ಬೇಕಾ ಮೇಡಂ ಅಂತ. ಕಟ್ ಮಾಡುವಷ್ಟರಲ್ಲಿ 750 ಕೆಜಿ ಅಂಬಾರಿ ಮುಂದೆ ಹೋಗಿತ್ತು. ನಮ್ಮ ಆಲ್ಬಮ್ಮಿನಲ್ಲಿ ಆ ವರ್ಷದ ಜಂಬೂ ಸವಾರಿ ಅಂದರೆ ಒಂದು ಬಾಲ.

ಬಟನ್ ಒತ್ತಿದರೆ ಫೋಟೋ ಬರಬೇಕು ಅನ್ನುವುದು ಹೊಸ ಬೇಡಿಕೆಯೇನಲ್ಲ. 1888ರಲ್ಲೇ ಕೊಡಕ್ ಕಂಪನಿ ಇದೇ ಮಾತು ಹೇಳಿ ಕ್ಯಾಮರಾ ಮಾರಿತ್ತು: ನೀವು ಬಟನ್ ಒತ್ತಿ, ಮಿಕ್ಕಿದ್ದು ನಾವು ನೋಡಿಕೊಳ್ಳುತ್ತೇವೆ. ಒಳಗೆ 100 ಫೋಟೋಗಾಗುವಷ್ಟು ಫಿಲ್ಮ್. ಮುಗಿದ ಮೇಲೆ ಕ್ಯಾಮರಾ ಸಮೇತ ಕಂಪನಿಗೆ ಕಳಿಸಿದರೆ, ಅವರು ಪ್ರಿಂಟ್ ಹಾಕಿ, ಹೊಸ ಫಿಲ್ಮ್ ತುಂಬಿ ವಾಪಸ್ ಕೊಡುತ್ತಿದ್ದರು. ನೂರು ಮೂವತ್ತು ವರ್ಷದ ಮೇಲಾಯಿತು. ಈಗ ಮಿಕ್ಕಿದ್ದನ್ನೆಲ್ಲ ನೀವೇ ನೋಡಿಕೊಳ್ಳಬೇಕು. ಆ್ಯಪ್ ಹಾಕಿಕೊಳ್ಳಿ, ಖಾತೆ ತೆರೆಯಿರಿ, ಒಟಿಪಿ ಹೇಳಿ, ಫರ್ಮ್‌ವೇರ್ ಅಪ್‌ಡೇಟ್ ಮಾಡಿ. ಆಮೇಲೆ ಬೇಕಾದರೆ ಬಟನ್ ಒತ್ತಿ.

ದೇವರಾಜ ಅರಸು ರಸ್ತೆಯ ಒಂದು ಅಂಗಡಿಗೆ ಹೋದೆವು. ಹುಡುಗ ಬಲು ವಿನಯವಂತ. ಮೊದಲ ಪ್ರಶ್ನೆಯೇ, "ಮೇಡಂ ವ್ಲಾಗ್ ಮಾಡ್ತಾರಾ?" ಇಲ್ಲ ಅಂದೆವು. "ಹಾಗಾದ್ರೆ ರೀಲ್ಸಾ?" ಅದೂ ಇಲ್ಲ. "ವೆಡ್ಡಿಂಗ್ ಶೂಟಾ?" ಇವರು ನನ್ನ ಮುಖ ನೋಡಿದರು. ಸುಮ್ನೆ ಫೋಟೋ ತೆಗೆಯೋಕೆ ಅಂದದ್ದಕ್ಕೆ ಹುಡುಗನಿಗೆ ಪಾಪ ನಿಜವಾಗಿಯೂ ಗಾಬರಿಯಾಯಿತು. ಸುಮ್ನೆ ಫೋಟೋ ತೆಗೆಯುವ ಗಿರಾಕಿ ಅವನು ಕೆಲಸಕ್ಕೆ ಸೇರಿದ ಮೇಲೆ ಬಂದಿರಲಾರರು. ಒಳಗೆ ಹೋಗಿ ಯಾರನ್ನೋ ಕೇಳಿಕೊಂಡು ಬಂದು ಹೇಳಿದ: "ಸಿಂಪಲ್ ಅಂದ್ರೆ ಈಗ ಪ್ರೀಮಿಯಂ ಸಾರ್. ಆರ್ಡರ್ ಹಾಕಬೇಕು, ಯಾವಾಗ ಬರುತ್ತೋ ಹೇಳೋಕಾಗಲ್ಲ."

ಅವನ ಮಾತು ಸುಳ್ಳಲ್ಲ. 2010ರಲ್ಲಿ ಜಪಾನಿನ ಕಂಪನಿಗಳು ಒಂದೇ ವರ್ಷದಲ್ಲಿ 12 ಕೋಟಿಗೂ ಜಾಸ್ತಿ ಡಿಜಿಟಲ್ ಕ್ಯಾಮರಾ ಮಾರುಕಟ್ಟೆಗೆ ಕಳಿಸಿದ್ದವು. ಅದರಲ್ಲಿ 10 ಕೋಟಿಗೂ ಹೆಚ್ಚು ಇಂಥ ಸಣ್ಣವೇ. 2023ರ ಹೊತ್ತಿಗೆ ಸಣ್ಣ ಕ್ಯಾಮರಾಗಳ ಲೆಕ್ಕ 17 ಲಕ್ಷದ ಆಸುಪಾಸಿಗೆ ಇಳಿದಿತ್ತು. ಮೊಬೈಲ್ ಬಂತು, ಕ್ಯಾಮರಾ ಸತ್ತಿತು. ಎಷ್ಟೋ ಕಂಪನಿಗಳು ಸಣ್ಣ ಕ್ಯಾಮರಾ ಮಾಡುವುದನ್ನೇ ಬಿಟ್ಟವು. ಅಷ್ಟರಲ್ಲಿ ಕಾಲೇಜು ಮಕ್ಕಳಿಗೆ ಅಪ್ಪ ಅಮ್ಮನ ಹನಿಮೂನ್ ಕಾಲದ ಫೋಟೋಗಳ ಬಣ್ಣ ಇಷ್ಟವಾಗಿಬಿಟ್ಟಿತು. ಮುಖಕ್ಕೆ ಬಿಳಿ ಫ್ಲಾಶು, ಹಿಂದೆಲ್ಲ ಕತ್ತಲು, ಕಣ್ಣು ಕೆಂಪು. ನಾವು ಹಾಳಾಯ್ತು ಅಂತ ಬಿಸಾಕುತ್ತಿದ್ದ ಫೋಟೋಗಳು ಈಗ ಫ್ಯಾಷನ್ನು. ಸತ್ತ ಕ್ಯಾಮರಾಕ್ಕೆ ಜೀವ ಬಂತು, ಬೆಲೆಗೆ ರೆಕ್ಕೆ ಬಂತು. ಫ್ಯೂಜಿಯ ಒಂದು ಪುಟ್ಟ ಕ್ಯಾಮರಾಕ್ಕಂತೂ 2024ರಲ್ಲಿ ಜನ ದುಡ್ಡು ಕಟ್ಟಿ ತಿಂಗಳುಗಟ್ಟಲೆ ಕಾದರು. ಅದಕ್ಕೆ ಜೂಮೇ ಇಲ್ಲ.

ಇನ್ನು ಸೆನ್ಸರ್, ಅಂದರೆ ಫಿಲ್ಮಿನ ಜಾಗದಲ್ಲಿ ಕೂತು ಬೆಳಕು ಹಿಡಿಯುವ ಚಿಪ್, ಅದರ ಪುರಾಣ. ದೊಡ್ಡ ಸೆನ್ಸರ್ ಇದ್ದರೆ ಕತ್ತಲಲ್ಲೂ ಫೋಟೋ ಚೆನ್ನಾಗಿ ಬರುತ್ತದೆ, ಆದ್ದರಿಂದ ಒಂದು ಇಂಚಿನದೇ ತಗೊಳ್ಳಿ ಅಂತ ಬಲ್ಲವರು ಹೇಳಿದರು. ಸರಿ, ಎಷ್ಟಿದೆ ಈ ಒಂದು ಇಂಚು? 13.2 ಮಿಲಿಮೀಟರ್ ಅಗಲ, 8.8 ಮಿಲಿಮೀಟರ್ ಎತ್ತರ. ಯಾವ ಕಡೆಯಿಂದ ಅಳೆದರೂ ಇಂಚಿಲ್ಲ, ಮೂಲೆಯಿಂದ ಮೂಲೆಗೆ ಟೇಪ್ ಹಿಡಿದರೂ ಇಲ್ಲ. ಟಿವಿ ಕ್ಯಾಮರಾಗಳಲ್ಲಿ ಗಾಜಿನ ಕೊಳವೆ ಇದ್ದ ಕಾಲದಲ್ಲಿ ಆ ಕೊಳವೆಯ ಹೊರ ಸುತ್ತಿನ ಅಡ್ಡಳತೆ ಒಂದು ಇಂಚು ಇತ್ತಂತೆ. ಕೊಳವೆ ಹೋಯಿತು, ಇಂಚು ಉಳಿಯಿತು. ಇದರಲ್ಲಿ ಮೈಸೂರಿನವರಿಗೆ ಆಶ್ಚರ್ಯ ಪಡುವಂಥದ್ದೇನಿಲ್ಲ ಬಿಡಿ. ಕಾಗದದಲ್ಲಿ 30x40 ಅಂತ ಇದ್ದು, ಹೋಗಿ ಅಳೆದರೆ ಚರಂಡಿ, ಪಕ್ಕದವರ ಮೆಟ್ಟಿಲು ಎರಡೂ ನಮ್ಮ ಜಾಗದೊಳಗೇ ಸಿಕ್ಕ ಊರು ಇದು. ಸೈಟಿನ ವಿಷಯ ಈ ಊರಲ್ಲಿ ಇಷ್ಟಕ್ಕೇ ನಿಲ್ಲಿಸುವುದು ಕ್ಷೇಮ.

ಮೊಬೈಲೇ ಸಾಕಲ್ವಾ ಅನ್ನುವವರಿಗೂ ಕೊರತೆಯಿಲ್ಲ. ಭಾವಮೈದನ ಹತ್ತಿರ 200 ಮೆಗಾಪಿಕ್ಸೆಲ್ ಮೊಬೈಲಿದೆ. ಅದು ಮಾಡುವುದೇನೆಂದರೆ, 16 ಪಿಕ್ಸೆಲ್ ಸೇರಿಸಿ ಒಂದು ಮಾಡಿ 12 ಚಿಲ್ಲರೆ ಮೆಗಾಪಿಕ್ಸೆಲ್ ಫೋಟೋ ಕೊಡುತ್ತದೆ. ಅದನ್ನು ಅವನು ವಾಟ್ಸಾಪಿನಲ್ಲಿ ಕಳಿಸುತ್ತಾನೆ. ವಾಟ್ಸಾಪು ಅದನ್ನು ಇನ್ನಷ್ಟು ಹಿಂಡಿ ಸಣ್ಣದು ಮಾಡುತ್ತದೆ. ಲಕ್ಷ ರೂಪಾಯಿಯ ಮೊಬೈಲಿನಿಂದ ಹೊರಟ ಚಾಮುಂಡಿ ಬೆಟ್ಟದ ಸೂರ್ಯೋದಯ ನಮ್ಮ ಮನೆಗೆ ಬರುವಾಗ ಶುಭೋದಯದ ಗುಲಾಬಿ ಹೂವಿನ ದರ್ಜೆಗೆ ಬಂದಿರುತ್ತದೆ. ಚಂದ್ರನ ಕಥೆಯಂತೂ ಗೊತ್ತೇ ಇದೆ. ಮಸುಕು ಮಾಡಿದ ಚಂದ್ರನ ಚಿತ್ರವನ್ನು ಕಂಪ್ಯೂಟರ್ ಪರದೆ ಮೇಲಿಟ್ಟು ತೆಗೆದರೂ ಮೊಬೈಲ್ ತಾನೇ ಕಲೆಗಳನ್ನು ಸೇರಿಸಿ ಕೊಡುತ್ತದೆ ಅಂತ 2023ರಲ್ಲಿ ಯಾರೋ ತೋರಿಸಿ ರಂಪವಾಗಿತ್ತು. ನಮ್ಮ ಮನೆಯವರದ್ದು ಇನ್ನೊಂದು ತಕರಾರು. ಅವರ ಮೊಬೈಲ್ ಅವರ ಅಮ್ಮನ ಮುಖದ ಸುಕ್ಕನ್ನೆಲ್ಲ ಇಸ್ತ್ರಿ ಮಾಡಿಬಿಡುತ್ತದೆ. ಅಮ್ಮನೇ ಫೋಟೋ ನೋಡಿ, ಇದ್ಯಾರೇ ಅಂದರಂತೆ.

ಇದೆಲ್ಲ ಕಂಪನಿಗಳ ಆಟ, ಹಾಳಾಗಲಿ. ಆದರೆ ಕ್ಯಾಮರಾ ಕೈಗೆ ಬಂದ ಮೇಲೆ ಶುರುವಾಗುವ ಆಟ ನಮ್ಮ ಸರ್ಕಾರದ್ದು. ಮೈಸೂರು, ಮಂಡ್ಯದ ಸುತ್ತ ನೋಡುವಂಥ ಜಾಗಕ್ಕೆ ಹೋದರೆ ಎಷ್ಟೋ ಕಡೆ ಗೇಟಿನ ಹತ್ತಿರ ಒಂದು ಬೋರ್ಡು: ದೊಡ್ಡವರಿಗೆ ಇಷ್ಟು, ಮಕ್ಕಳಿಗೆ ಇಷ್ಟು, ಕ್ಯಾಮರಾಕ್ಕೆ ಇಷ್ಟು, ವಿಡಿಯೋ ಕ್ಯಾಮರಾಕ್ಕೆ ಇಷ್ಟು. ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ವಿಡಿಯೋಗೆ 25 ರೂಪಾಯಿ ಅಂತ ಬಹಳ ಕಾಲದಿಂದ ಇತ್ತು. ಮದುವೆ ವಿಡಿಯೋದವರು ಹೆಗಲ ಮೇಲೆ ಡಬ್ಬಿ ಹೊತ್ತು, ಹಿಂದೆ ಒಬ್ಬ ಲೈಟ್ ಹಿಡಿದು ಬರುತ್ತಿದ್ದ ಕಾಲಕ್ಕೆ ಸರಿಯಾಗಿತ್ತೋ ಏನೋ. ಈಗ ಗೇಟಿನೊಳಗೆ ಹೋಗುವ ಪ್ರತಿಯೊಬ್ಬರ ಜೇಬಿನಲ್ಲೂ ವಿಡಿಯೋ ಇದೆ. ಗರ್ಭಗುಡಿ ಮುಂದೆ ಕುಣಿದು, ಶಿಲಾಬಾಲಿಕೆಗೆ ಒರಗಿ, ಸೆಲ್ಫಿ ಕೋಲು ಬೀಸುವವರಿಗೆ ಬಿಟ್ಟಿ. ಮೂಲೆಯಲ್ಲಿ ನಿಂತು ಅಂಗೈಯಷ್ಟು ಕ್ಯಾಮರಾದಲ್ಲಿ ಒಂದು ಕಂಬದ ಫೋಟೋ ತೆಗೆಯುವ ಹೆಂಗಸಿಗೆ ಟಿಕೆಟ್. ಅರಮನೆ ಒಳಗೆ ಹೋಗಬೇಕಾದರೆ ಕ್ಯಾಮರಾ ಹೊರಗಿಟ್ಟು ಟೋಕನ್ ಹಿಡಿದು ನಿಲ್ಲುತ್ತಿದ್ದ ಕಾಲ ನಮಗೆ ಇನ್ನೂ ನೆನಪಿದೆ. ಇಂಥ ಊರಲ್ಲೇ ಫೋಟೋಗ್ರಾಫರ್ ಟಿ.ಎಸ್. ಸತ್ಯನ್ ಹುಟ್ಟಿದ್ದು, ಇಲ್ಲಿಂದ ಹೋಗಿ ಅಮೆರಿಕದ 'ಲೈಫ್' ಪತ್ರಿಕೆಗೆ ಫೋಟೋ ಕೊಟ್ಟದ್ದು. ಅವರು ಆಗ ಎಷ್ಟು ಟೋಕನ್ ಹಿಡಿದಿದ್ದರೋ.

ಅರಣ್ಯ ಇಲಾಖೆ ಇನ್ನೂ ವೈಜ್ಞಾನಿಕ. ಸಫಾರಿ ಕಡೆ ಲೆನ್ಸಿನ ಮಿಲಿಮೀಟರ್ ನೋಡಿ ಶುಲ್ಕ ಹಾಕುತ್ತಾರೆ. ದೂರದ್ದನ್ನು ಹತ್ತಿರ ತರುವ ಉದ್ದ ಲೆನ್ಸಿಗೆ ಜಾಸ್ತಿ, ಗಿಡ್ಡ ಲೆನ್ಸಿಗೆ ಕಮ್ಮಿ. ಪ್ರೊಫೆಷನಲ್‌ಗಳು ಜಾಸ್ತಿ ಕೊಡಲಿ ಅನ್ನುವ ಲೆಕ್ಕ, ಒಪ್ಪೋಣ. ಆದರೆ ನಮ್ಮವರು ಇಷ್ಟಪಟ್ಟ ಜೇಬಿನ ಕ್ಯಾಮರಾದ ಡಬ್ಬಿ ಮೇಲೆ 24-720 ಮಿ.ಮೀ. ಅಂತ ಇದೆ. ಅದು ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮರಾಕ್ಕೆ ಹೋಲಿಸಿ ಹೇಳುವ ಲೆಕ್ಕ. ಒಳಗಿರುವ ನಿಜವಾದ ಲೆನ್ಸ್ ನಾಲ್ಕರಿಂದ 118 ಮಿ.ಮೀ. ಅಷ್ಟೇ. ಡಬ್ಬಿ ಓದಿದರೆ ನಮ್ಮ ಮನೆಯವರು ಹುಲಿ ಹಿಂದೆ ಬಿದ್ದಿರುವ ಪ್ರೊಫೆಷನಲ್. ಲೆನ್ಸ್ ಓದಿದರೆ ಸಾಮಾನ್ಯ ಪ್ರಜೆ. ಯಾವುದನ್ನು ಓದಬೇಕು ಅನ್ನುವುದು ಆವತ್ತು ಕೌಂಟರಿನಲ್ಲಿ ಕೂತವರ ಮನಸ್ಸಿಗೆ ಬಿಟ್ಟದ್ದು. ನೂರು ಪಟ್ಟು ಜೂಮ್ ಇರುವ ಮೊಬೈಲಿಗೆ ಮಿಲಿಮೀಟರೂ ಕೇಳುತ್ತಿರಲಿಲ್ಲ, ಶುಲ್ಕವೂ ಇರಲಿಲ್ಲ.

ತಮಾಷೆ ಸಾಕು. ನನಗೆ ಸಿಟ್ಟು ಬರುವುದು ಟಿಕೆಟಿನ ದುಡ್ಡಿಗಲ್ಲ. ಆ ದುಡ್ಡು ಕೊಟ್ಟು ಒಳಗೆ ಹೋದರೆ ನಲ್ಲಿಯಲ್ಲಿ ನೀರಿರುವುದಿಲ್ಲ. ಹೆಂಗಸರ ಶೌಚಾಲಯಕ್ಕೆ ಬೀಗ, ಕೀ ಇಟ್ಟುಕೊಂಡವನು ಊಟಕ್ಕೆ ಹೋಗಿರುತ್ತಾನೆ. ವಯಸ್ಸಾದವರು ಕೂರೋಕೆ ಒಂದು ಬೆಂಚಿಲ್ಲ. ಕ್ಯಾಮರಾ ಹಿಡಿದವರನ್ನು ಮಾತ್ರ ದೂರದಿಂದಲೇ ಗುರುತು ಹಿಡಿದು, ಸೀಟಿ ಊದಿ ಕರೆಯುತ್ತಾರೆ. ಯಾಕಪ್ಪಾ? ಫೋಟೋ ತೆಗೆದರೆ ಕಂಬ ಸವೆಯುತ್ತಾ? ಸವೆಯುವುದಾದರೆ ಮೊಬೈಲಿಗೆ ಸವೆಯಲ್ವಾ? ಮೂವತ್ತು ವರ್ಷದ ಹಿಂದೆ ಯಾರೋ ಬರೆಸಿದ ಬೋರ್ಡನ್ನು ಪ್ರತಿ ಸಲ ದರ ಏರಿಸುವಾಗ ಮತ್ತೆ ಪೇಂಟ್ ಮಾಡಿಸುತ್ತಾರೆ, ಮೇಲಿನ ಪದ ಏನಿದೆ ಅಂತ ಒಬ್ಬರೂ ಓದುವುದಿಲ್ಲ. ಬೇಸರವಾಗುತ್ತದೆ ಅಷ್ಟೇ.

ಹೀಗಾಗಿ ಕ್ಯಾಮರಾ ಆರ್ಡರ್ ಹಾಕುವ ಮುಂಚೆ ಟಿಕೆಟ್ ವಿಚಾರಿಸುವುದೇ ಬುದ್ಧಿವಂತಿಕೆ ಅಂತ ತೀರ್ಮಾನಿಸಿ, ಇಲ್ಲೇ ಹತ್ತಿರದ ಒಂದು ತಾಣದ ಕೌಂಟರಿಗೆ ಹೋದೆ. ಸಣ್ಣ ಕ್ಯಾಮರಾ, ಫೋಟೋನೂ ಬರುತ್ತೆ, ವಿಡಿಯೋನೂ ಬರುತ್ತೆ, ಯಾವ ಟಿಕೆಟ್ ತಗೋಬೇಕು ಅಂತ ಕೇಳಿದೆ.

"ಎರಡೂ ತಗೊಂಡ್ಬಿಡಿ ಸಾರ್, ಸೇಫು. ಎಲ್ಲಿ ಕ್ಯಾಮರಾ ತೋರಿಸಿ."

"ಇನ್ನೂ ಕೊಂಡಿಲ್ಲ."

ಅವರು ಕನ್ನಡಕ ಮೇಲೆತ್ತಿ ನನ್ನನ್ನು ನೋಡಿದರು. ಹಿಂದೆ ಕ್ಯೂ ಬೆಳೆಯುತ್ತಿತ್ತು.

"ಮೊಬೈಲ್ ಇದೆ ತಾನೆ ಸಾರ್?"

"ಇದೆ."

"ಮತ್ತೆ? ಹೋಗಿ ತಕ್ಕೊಳ್ಳಿ, ಎಷ್ಟು ಬೇಕೋ ಅಷ್ಟು."