ಬರ್ಗರ್ ಜೊತೆ ನಂಚಿಕೊಳ್ಳೋಕೆ ಏನು?

ಬೇಸಿಗೆ ಬಂತು ಅಂದ್ರೆ ನಮ್ಮ ಶಿಕಾಗೋ ಸುತ್ತಮುತ್ತ ಶನಿವಾರ ಶನಿವಾರ ಯಾರದಾದರೂ ಹಿತ್ತಲಲ್ಲಿ ಗ್ರಿಲ್ ಹೊಗೆ ಏಳುತ್ತದೆ. ಮೇ ಕೊನೆಯ ಸೋಮವಾರ ಮೆಮೋರಿಯಲ್ ಡೇಗೆ ಶುರುವಾದದ್ದು ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇವರೆಗೂ ನಡೆಯುತ್ತದೆ. ಬರ್ಗರ್ ಮಾಡೋದು ಊಟಕ್ಕೆ ಕರೆದವರ ಪಾಲು. ನಮಗೆ ಹೇಳೋದು ಇಷ್ಟೇ, "ಒಂದು ಸೈಡ್ ತಗೊಂಡು ಬನ್ನಿ." ನಾವು ದಾರಿಯಲ್ಲಿ ಅಂಗಡಿಗೆ ನುಗ್ಗಿ ಎರಡು ಚಿಪ್ಸ್ ಪ್ಯಾಕೆಟ್ ಹಿಡಿದುಕೊಂಡು ಹೋಗುತ್ತೇವೆ. ನಾನೂ ಎಷ್ಟೋ ವರ್ಷ ಅದನ್ನೇ ಮಾಡಿದೆ. ಈಗ ಅದು ತಪ್ಪು ಅಂತ ಗಟ್ಟಿಯಾಗಿ ಅನ್ನಿಸಿದೆ.

'ಸೈಡ್' ಅನ್ನೋ ಮಾತು ಕೇಳಿದರೆ ಇದ್ದರೂ ಆಯ್ತು, ಇಲ್ಲದಿದ್ದರೂ ಆಯ್ತು ಅನ್ನಿಸುತ್ತದೆ. ನಮ್ಮಲ್ಲಿ ಅದಕ್ಕೆ ಒಳ್ಳೆ ಮಾತು ಇದೆಯಲ್ಲ, ನಂಚಿಕೊಳ್ಳೋದು. ಮೊಸರನ್ನದ ಜೊತೆ ಉಪ್ಪಿನಕಾಯಿ, ಬಿಸಿಬೇಳೆಬಾತ್ ಜೊತೆ ಬೂಂದಿ, ಬಿರಿಯಾನಿ ಜೊತೆ ಮೊಸರು ಬಜ್ಜಿ. ನಂಚಿಕೊಳ್ಳೋಕೆ ಇಲ್ಲದಿದ್ದರೆ ನಾಲ್ಕನೇ ತುತ್ತಿಗೇ ಊಟ ಬೇಸರ ಬರುತ್ತದೆ. ಬರ್ಗರ್ ಕೂಡ ಹಾಗೇ. ಇಲ್ಲಿನವರು ಇಷ್ಟಪಡುವ ಬರ್ಗರ್ ಖೀಮಾದಲ್ಲಿ 80 ಪಾಲು ಮಾಂಸ, 20 ಪಾಲು ಕೊಬ್ಬು. ಅದರ ಮೇಲೆ ಚೀಸು, ಬೆಣ್ಣೆ ಸವರಿ ಸುಟ್ಟ ಬನ್ನು. ನಾಲಿಗೆ ಮೇಲೆ ಜಿಡ್ಡು ಕೂತುಬಿಡುತ್ತದೆ. ಆಗ ಬೇಕಾದ್ದು ಹುಳಿ, ತಂಪು, ಕರುಂಕುರುಂ ಅನ್ನೋ ಯಾವುದಾದರೂ ಒಂದು. ಮೆಕರೋನಿ ಸಲಾಡ್, ಅದರ ಪಕ್ಕ ಚೀಸ್ ಸುರಿದ ಆಲೂಗಡ್ಡೆ, ಅದರ ಪಕ್ಕ ಮತ್ತೆ ಚಿಪ್ಸ್ ಇಟ್ಟರೆ ಜಿಡ್ಡಿನ ಮೇಲೆ ಜಿಡ್ಡು.

ಇನ್ನೊಂದು ಕಾರಣವೂ ಇದೆ. ಕೆಲವು ವರ್ಷದ ಹಿಂದೆ ನಮ್ಮ ಮನೆಯಲ್ಲೇ ಇಪ್ಪತ್ತೈದು ಜನ ಸೇರಿದ್ದೆವು. ಗೆಳತಿಯ ಅಪ್ಪ ಅಮ್ಮ ಹಾಸನದಿಂದ ಬಂದಿದ್ದರು, ಅವರೂ ಇದ್ದರು. ಇಬ್ಬರೂ ಸಸ್ಯಾಹಾರಿಗಳು, ಮೊಟ್ಟೆಯನ್ನೂ ತಿನ್ನೋದಿಲ್ಲ. ಅವರಿಗೆ ಅಂತಲೇ ತಂದಿದ್ದ ವೆಜ್ ಪ್ಯಾಟಿಗಳನ್ನು, ಅಂದ್ರೆ ಬನ್ನಿನೊಳಗೆ ಇಡುವ ಬಿಲ್ಲೆಗಳನ್ನು, ಮಕ್ಕಳು ಖಾಲಿ ಮಾಡಿದ್ದರು. ಬೇಕ್ಡ್ ಬೀನ್ಸ್ ಅನ್ನೋ ಬೇಯಿಸಿದ ಕಾಳಿನ ಡಬ್ಬಿಯಲ್ಲಿ ಹಂದಿ ಕೊಬ್ಬು. ಕೋಲ್‌ಸ್ಲಾ ಅನ್ನೋ ಎಲೆಕೋಸಿನ ಸಲಾಡ್, ಆಲೂಗಡ್ಡೆ ಸಲಾಡ್ ಎರಡರಲ್ಲೂ ಮೊಟ್ಟೆ ಹಾಕಿದ ಮೇಯನೇಸ್. ನಾನು ಹೋಗಿ ನೋಡಿದಾಗ ಆ ಅಮ್ಮನ ಪೇಪರ್ ತಟ್ಟೆಯಲ್ಲಿ ಒಂದು ಒಣ ಬನ್ನು, ಎರಡು ಬಿಲ್ಲೆ ಟೊಮೆಟೊ, ಒಂದಿಷ್ಟು ಚಿಪ್ಸ್. "ಪರವಾಗಿಲ್ಲ ಕಣಮ್ಮ, ಹೊಟ್ಟೆ ತುಂಬಿತು" ಅಂದರು. ಮನೆಗೆ ಕರೆದು ಹಿರಿಯರನ್ನು ಹಸಿದ ಹೊಟ್ಟೆಯಲ್ಲೇ ಕಳಿಸಿದೆನಲ್ಲ ಅಂತ ಆ ರಾತ್ರಿ ನಿದ್ದೆ ಬರಲಿಲ್ಲ. ಮಾಂಸ ತಿನ್ನದವರಿಗೆ ಈ ಸೈಡ್‌ಗಳೇ ಊಟ. ಇದು ನಮಗೇ ಗೊತ್ತಿಲ್ಲದಿದ್ದರೆ ಇನ್ಯಾರಿಗೆ ಗೊತ್ತಿರಬೇಕು?

ಅಂದಿನಿಂದ ನಾನು ಹೋದ ಕಡೆಯೆಲ್ಲ ಕೋಸಂಬರಿ ಒಯ್ಯುತ್ತೇನೆ. ಇದು ಹೊಸ ಪ್ರಯೋಗ ಅಲ್ಲ. ರಾಮನವಮಿ ಬಿಸಿಲಿಗೆ ಪಾನಕ, ನೀರುಮಜ್ಜಿಗೆ ಜೊತೆ ನಮ್ಮವರು ಕೋಸಂಬರಿ ಇಟ್ಟದ್ದು ಸುಮ್ನೆ ಅಲ್ಲ. ಅರ್ಧ ಕಪ್ ಹೆಸರುಬೇಳೆಯನ್ನು ಒಂದು ಗಂಟೆ ನೆನೆಸಿ ನೀರು ಪೂರ್ತಿ ಬಸಿಯಬೇಕು. ಎರಡು ಸೌತೆಕಾಯಿ ಸಣ್ಣಗೆ ಹೆಚ್ಚಬೇಕು, ತುರಿಯಬಾರದು, ತುರಿದರೆ ನೀರಾಗುತ್ತದೆ. ಅರ್ಧ ಮಾವಿನಕಾಯಿ ತುರಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಸ್ವಲ್ಪ ತೆಂಗಿನ ತುರಿ. ಸಾಸಿವೆ ಇಂಗಿನ ಒಗ್ಗರಣೆ ಮನೆಯಲ್ಲೇ ಹಾಕಿಕೊಂಡು ಹೋಗಿ. ಉಪ್ಪು, ನಿಂಬೆರಸ ಮಾತ್ರ ಅಲ್ಲಿ ಹೋದ ಮೇಲೆ, ಜನ ತಟ್ಟೆ ಹಿಡಿದಾಗ. ಮೊದಲೇ ಉಪ್ಪು ಹಾಕಿದರೆ ಅರ್ಧ ಗಂಟೆಗೆ ಪಾತ್ರೆಯ ತಳದಲ್ಲಿ ನೀರು ನಿಲ್ಲುತ್ತದೆ.

ಹೋದ ಬೇಸಿಗೆ ಪಕ್ಕದ ಮನೆಯ ಹಿರಿಯರೊಬ್ಬರು, ಐವತ್ತು ವರ್ಷದಿಂದ ಗ್ರಿಲ್ ಮುಂದೆ ನಿಂತವರು, ಈ ಕೋಸಂಬರಿಯನ್ನು ಎರಡು ಚಮಚ ತೆಗೆದು ಬರ್ಗರ್ ಒಳಗೇ ಪ್ಯಾಟಿ ಮೇಲೆ ಹಾಕಿಕೊಂಡರು. ಮೇಲೆ ಬನ್ನು ಮುಚ್ಚಿ ಕಚ್ಚಿದರು. ಬೇಳೆ ಹಲ್ಲಿಗೆ ಸಿಕ್ಕಿ ಕರುಕ್ ಅಂದದ್ದು ನನಗೆ ಕೇಳಿಸಿತು. ಎರಡನೇ ಬರ್ಗರ್‌ಗೂ ಅದನ್ನೇ ಹಾಕಿಕೊಂಡರು.

ಇಲ್ಲಿನ ಅಡುಗೆ ಕೀಳು ಅಂತ ನಾನು ಹೇಳುತ್ತಿಲ್ಲ. ಒಳ್ಳೆ ಕೋಲ್‌ಸ್ಲಾ ನನಗೆ ಬಹಳ ಇಷ್ಟ. ಆ ಹೆಸರು ಡಚ್ಚರ ಭಾಷೆಯಿಂದ ಬಂದದ್ದು, ಅರ್ಥ ಬರೀ ಎಲೆಕೋಸಿನ ಸಲಾಡ್, ಅಷ್ಟೇ. ಡಬ್ಬಿಯಲ್ಲಿ ಸಿಗುವ ಬಿಳಿ ಗೊಜ್ಜಿನಂಥದ್ದನ್ನು ತಿಂದು ಅದರ ಮೇಲೆ ತೀರ್ಪು ಕೊಡಬೇಡಿ. ಅರ್ಧ ಎಲೆಕೋಸನ್ನು ಎಳೆ ಎಳೆಯಾಗಿ ಹೆಚ್ಚಿ, ಒಂದು ಚಮಚ ಉಪ್ಪು ಬೆರೆಸಿ ಒಂದು ಗಂಟೆ ಬಿಡಿ. ಆಮೇಲೆ ತೆಳು ಬಟ್ಟೆಯಲ್ಲಿ ಕಟ್ಟಿ ಹಿಂಡಿ. ಅರ್ಧ ಲೋಟ ನೀರು ಇಳಿಯುತ್ತದೆ. ಅದಕ್ಕೆ ವಿನೆಗರ್, ಎಣ್ಣೆ, ಚಿಟಿಕೆ ಸಕ್ಕರೆ, ಕುಟ್ಟಿದ ಕಾಳುಮೆಣಸು. ಮೇಯನೇಸ್ ಬೇಕಾಗಿಲ್ಲ. ಮಾರನೇ ದಿನಕ್ಕೂ ಗರಿಗರಿ ಇರುತ್ತದೆ, ಮೊಟ್ಟೆ ತಿನ್ನದವರೂ ತಿನ್ನಬಹುದು.

ಮುಸುಕಿನ ಜೋಳದ ವಿಷಯಕ್ಕೆ ಬಂದರೆ ನಾವು ಇಲಿನಾಯ್ ರಾಜ್ಯದಲ್ಲಿ ಇರೋರು ಪುಣ್ಯವಂತರು. ರಸ್ತೆ ಪಕ್ಕ ಕಾಣುವ ಜೋಳದ ಹೊಲಗಳಲ್ಲಿ ಬಹುಪಾಲು ದನಕರುಗಳ ಮೇವಿಗೆ, ಎಥನಾಲ್‌ಗೆ ಹೋಗುವಂಥದ್ದು. ಸ್ವೀಟ್ ಕಾರ್ನ್ ಬೆಳೆಯೋದು ಕಡಿಮೆ ಜಾಗದಲ್ಲಿ. ಹಳೆಯ ತಳಿಗಳ ತೆನೆ ಮುರಿದ ತಕ್ಷಣ ಸಿಹಿ ಪಿಷ್ಟವಾಗಿ ಬದಲಾಗೋಕೆ ಶುರುವಾಗುತ್ತಿತ್ತು. ಇಲ್ಲಿನ ಇಲಿನಾಯ್ ವಿಶ್ವವಿದ್ಯಾಲಯದ ಜಾನ್ ಲಾಫ್ನನ್ ಅವರು 1950ರ ದಶಕದಲ್ಲಿ ಒಂದು ಬಗೆಯ ಸುಕ್ಕು ಕಾಳನ್ನು ಬಾಯಿಗೆ ಹಾಕಿಕೊಂಡು, ಅದರ ಸಿಹಿ ನೋಡಿ, ಬಹಳ ದಿನ ಸಿಹಿ ಉಳಿಯುವ ತಳಿಗಳಿಗೆ ದಾರಿ ಮಾಡಿದರು. ಆದರೂ ರೈತರ ಗಾಡಿಯಿಂದ ಅದೇ ದಿನ ತಂದ ತೆನೆಯ ರುಚಿಯೇ ಬೇರೆ. ಸಿಪ್ಪೆ ಸುಲಿದು ಕೆಂಡದ ಮೇಲೆ ಅಲ್ಲಲ್ಲಿ ಕಪ್ಪಾಗುವ ಹಾಗೆ ಸುಡಿ. ಅರ್ಧ ಹೋಳು ನಿಂಬೆಹಣ್ಣನ್ನು ಉಪ್ಪು ಖಾರದಪುಡಿಯಲ್ಲಿ ಅದ್ದಿ ಉಜ್ಜಿ. ನಂದಿಬೆಟ್ಟದ ದಾರಿಯಲ್ಲಿ ತಿಂದ ಜೋಳ ನೆನಪಾಗಲಿಲ್ಲ ಅಂದ್ರೆ ಹೇಳಿ. ಮೆಕ್ಸಿಕೋದವರೂ ನಿಂಬೆ, ಖಾರ ಹಾಕುತ್ತಾರೆ, ಜೊತೆಗೆ ಕೋತಿಹಾ ಅನ್ನೋ ಪುಡಿಪುಡಿ ಚೀಸು. ಅದೂ ಸೊಗಸು. ಒಂದು ಮಾತು, ಜೋಳವನ್ನು ಮಾಂಸಕ್ಕಿಂತ ಮೊದಲು ಗ್ರಿಲ್ಲಿಗೆ ಹಾಕಿ, ಇಕ್ಕಳ ಬೇರೆ ಇಡಿ. ಸಸ್ಯಾಹಾರಿಗಳು ಸಂಕೋಚಕ್ಕೆ ಬಾಯಿಬಿಟ್ಟು ಕೇಳೋದಿಲ್ಲ, ನಾವೇ ನೋಡಿಕೊಳ್ಳಬೇಕು.

ಕಲ್ಲಂಗಡಿ ಇರಲೇಬೇಕು, ಅದರ ಬಗ್ಗೆ ಹೇಳೋಕೇನೂ ಇಲ್ಲ.

ಆದರೆ ಬಿಸಿಲಿನ ಬಗ್ಗೆ ಹೇಳಲೇಬೇಕು. ಆಲೂಗಡ್ಡೆ ಸಲಾಡ್, ಕೋಸಂಬರಿ, ಮೊಸರು ಬಜ್ಜಿ, ಯಾವುದೇ ಇರಲಿ, ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇಡಬಾರದು ಅಂತ ಇಲ್ಲಿನ ಕೃಷಿ ಇಲಾಖೆ ಹೇಳುತ್ತದೆ. ಬಿಸಿಲು 90 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ, ಅಂದ್ರೆ ನಮ್ಮ ಲೆಕ್ಕದಲ್ಲಿ 32 ಡಿಗ್ರಿ, ಒಂದೇ ಗಂಟೆ. ಎಲ್ಲರೂ ಮೇಯನೇಸ್ ಮೇಲೆ ತಪ್ಪು ಹೊರಿಸುತ್ತಾರೆ. ಅಂಗಡಿಯ ಮೇಯನೇಸ್‌ನಲ್ಲಿ ಹುಳಿ ಇರುತ್ತದೆ, ಅದೊಂದೇ ಅಷ್ಟು ಬೇಗ ಕೆಡೋದಿಲ್ಲ. ಬೇಯಿಸಿದ ಆಲೂಗಡ್ಡೆ, ಮೊಟ್ಟೆ, ಎಲ್ಲರ ಕೈ ತಾಗಿದ ಚಮಚ, ತೊಂದರೆ ಬರೋದು ಅಲ್ಲಿಂದ. ನಮ್ಮ ತೆಂಗಿನ ತುರಿಯೂ ಬೇಗ ಹಳಸುತ್ತದೆ. ದೊಡ್ಡ ಪರಾತದಲ್ಲಿ ಐಸ್ ತುಂಬಿ, ಅದರೊಳಗೆ ಬಟ್ಟಲು ಇಡಿ. ಎಲ್ಲವನ್ನೂ ಒಟ್ಟಿಗೆ ಸುರಿಯಬೇಡಿ, ಅರ್ಧ ಐಸ್ ಹಾಕಿದ ಕೂಲರ್ ಪೆಟ್ಟಿಗೆಯಲ್ಲೇ ಇರಲಿ.

ಬರೋ ಶನಿವಾರ ಮತ್ತೆ ಸೇರುತ್ತಿದ್ದೇವೆ. ಗೆಳತಿಯ ಅಪ್ಪ ಅಮ್ಮ ಈ ವರ್ಷ ಮತ್ತೆ ಬಂದಿದ್ದಾರೆ. ಮಾವಿನಕಾಯಿ ತಂದಾಗಿದೆ, ಜೋಳ ಬೆಳಿಗ್ಗೆ ತರಬೇಕು. ಬೇಕ್ಡ್ ಬೀನ್ಸ್‌ನ ಕಾಳನ್ನು ಈ ಸಲ ನಾನೇ ರಾತ್ರಿ ನೆನೆಹಾಕಿ, ಬೆಲ್ಲ, ಸಾಸಿವೆ ಪುಡಿ ಹಾಕಿ ಮಾಡುತ್ತೇನೆ. ಆ ಅಮ್ಮನ ತಟ್ಟೆಗೆ ಮೊದಲು ಬಡಿಸುತ್ತೇನೆ, ಆಮೇಲೆ ಗ್ರಿಲ್ಲಿಗೆ ಬರ್ಗರ್.