ಕಾರಿನ ಟಾಪಿಗೂ ಫಿಲ್ಮ್ ಬೇಕಂತೆ ಮಾರಾಯ್ರೇ!

ಹೊಸ ಇಲೆಕ್ಟ್ರಿಕ್ ಕಾರು ಮನೆಗೆ ಬಂದರೆ ನೋಡಲು ಬಂದವರು ಮೊದಲು ಎಂತ ಕೇಳುತ್ತಾರೆ ಗೊತ್ತಾ? ಒಂದು ಚಾರ್ಜಿಗೆ ಎಷ್ಟು ದೂರ ಹೋಗುತ್ತದೆ ಅಂತ ಅಲ್ಲ. ಅದೆಲ್ಲ ಹಳೇ ಪ್ರಶ್ನೆ. ಈಗಿನ ಪ್ರಶ್ನೆ, "ಪಿಪಿಎಫ್ ಮಾಡಿಸಿದ್ರಾ ಟೀಚರೇ? ಫುಲ್ ಬಾಡಿಯಾ?" ಇನ್ನೂ ಇಲ್ಲ ಅಂದರೆ ಅವರ ಮುಖ ನೋಡಬೇಕು. ಮಗುವಿಗೆ ಪೋಲಿಯೋ ಹನಿ ಹಾಕಿಸಿಲ್ಲ ಅಂದ ಹಾಗೆ ನೋಡುತ್ತಾರೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಪಿಪಿಎಫ್ ಅಂದರೆ ಪೇಂಟ್ ಪ್ರೊಟೆಕ್ಷನ್ ಫಿಲ್ಮ್, ಕಾರಿನ ಬಣ್ಣದ ಮೇಲೆ ಅಂಟಿಸುವ ಪಾರದರ್ಶಕ ಫಿಲ್ಮ್. ಕಲ್ಲು ಸಿಡಿದು, ಗೀರು ಬಿದ್ದು ಬಣ್ಣ ಹಾಳಾಗಬಾರದು ಅಂತ. ಇವತ್ತು ಅದನ್ನೇ ವಿಚಾರಿಸಲು ಕಾಸರಗೋಡಿನ ಒಂದು ಅಂಗಡಿಗೆ ಹೋಗಿದ್ದೆವು. ಬಂದವಳು ಕಾಫಿ ಕುಡಿದೆ, ಮಂಡೆಬಿಸಿ ಇಳಿಯಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಉದ್ದ ಆಗಬಹುದು, ತಡೆದುಕೊಳ್ಳಿ.

ಅಂಗಡಿಯ ಹುಡುಗ ಒಳ್ಳೆಯವನೇ. ಆದರೆ ಮಾತಾಡಿದ್ದೆಲ್ಲ ಇವರ ಹತ್ತಿರ. ಕಾರು ನನ್ನ ಹೆಸರಲ್ಲಿದೆ. ಸಾಲದ ಕಂತು ನನ್ನ ಸಂಬಳದಿಂದ ಹೋಗುತ್ತದೆ. ಓಡಿಸುವವಳೂ ನಾನೇ, ಇವರು ಸ್ಕೂಟರ್ ಬಿಟ್ಟು ಬೇರೆ ಮುಟ್ಟುವುದಿಲ್ಲ. ಆದರೂ "ನೋಡಿ ಸಾರ್, ಇದು ಬೇಕೇ ಬೇಕು ಸಾರ್". ದುಡ್ಡಿನ ಲೆಕ್ಕ ಬಂದಾಗ ಮಾತ್ರ "ಟೀಚರೇ" ಅಂತ ನನ್ನ ಕಡೆ ತಿರುಗಿದ. ಇರಲಿ, ಅದು ಬೇರೆಯೇ ಒಂದು ಪೋಸ್ಟ್.

ಅವನ ಹತ್ತಿರ ಒಂದು ಹಳೇ ಬಾನೆಟ್ ಉಂಟು, ಅರ್ಧಕ್ಕೆ ಫಿಲ್ಮ್ ಅಂಟಿಸಿದ್ದು. ಅದನ್ನು ಲೋಹದ ಬ್ರಷ್ಷಿನಲ್ಲಿ ಪರಪರ ಉಜ್ಜಿದ. ಬಿಸಿನೀರು ಹೊಯ್ದ. ಗೀರು ಮಾಯ! ಇವರು ತೆರೆದ ಬಾಯಿ ಮುಚ್ಚಲಿಲ್ಲ. ಅದು ಮೋಸ ಅಲ್ಲ, ಒಳ್ಳೆಯ ಟಿಪಿಯು (ರಬ್ಬರಿನ ಹಾಗೆ ಹಿಗ್ಗುವ ಒಂದು ಪ್ಲಾಸ್ಟಿಕ್) ಫಿಲ್ಮಿನ ಮೇಲ್ಪದರಕ್ಕೆ ನಿಜವಾಗಿಯೂ ಆ ಗುಣ ಇದೆ. ಒರೆಸುವಾಗ ಬೀಳುವ ಸಣ್ಣ ಗೀರು ಬಿಸಿ ತಾಗಿದರೆ ಕೂಡಿಕೊಳ್ಳುತ್ತದೆ. ಆಳಕ್ಕೆ ಹರಿದರೆ ಮಾತ್ರ ಹರಿದದ್ದೇ. ಬೀಗದ ಕೈಯಲ್ಲಿ ನಾನೊಮ್ಮೆ ಗಟ್ಟಿ ಗೀರಿ ನೋಡಲಾ ಅಂತ ಕೇಳಿದೆ. "ಬೇಡ ಟೀಚರೇ" ಅಂದ.

ಆಮೇಲೆ ರೇಟು. ಇಡೀ ಕಾರಿಗೆ 1,20,000 ರೂಪಾಯಿ. ಅದರ ಮೇಲೆ 18 ಶೇಕಡಾ ಜಿಎಸ್‌ಟಿ, ಒಟ್ಟು 1,41,600. ತಮಾಷೆ ನೋಡಿ, ಇಲೆಕ್ಟ್ರಿಕ್ ಕಾರಿಗೆ ಜಿಎಸ್‌ಟಿ 5 ಶೇಕಡಾ. ಅದರ ಮೈಮೇಲೆ ಹಾಕುವ ಹೊದಿಕೆಗೆ 18! ಬಾನೆಟ್, ಮುಂದಿನ ಬಂಪರ್, ಎರಡು ಫೆಂಡರ್ (ಮುಂದಿನ ಚಕ್ರದ ಮೇಲಿನ ಬದಿ), ಕನ್ನಡಿಗಳು ಮಾತ್ರ ಸಾಕು ಅಂದರೆ 35,000, ಟ್ಯಾಕ್ಸ್ ಸೇರಿ 41,300. "ಅಷ್ಟೇ ಮಾಡಿಸಿದ್ರೆ ಅರ್ಧ ಕಾರಿಗೆ ಮಾತ್ರ ರಕ್ಷಣೆ ಟೀಚರೇ" ಅಂದ. ಉಳಿದ ಅರ್ಧಕ್ಕೆ ಯಾರಿಂದ ರಕ್ಷಣೆ ಬೇಕು ಅಂತ ಕೇಳಿದೆ. ಅದಕ್ಕೆ ಉತ್ತರ ಬರಲಿಲ್ಲ. ಬದಲು "ಇದು ಮಿಲಿಟರಿ ಟೆಕ್ನಾಲಜಿ" ಅಂತ ಶುರು ಮಾಡಿದ.

ಅಲ್ಲೇ ಅವನು ನನ್ನ ಕೈಗೆ ಸಿಕ್ಕಿದ್ದು. ಮಿಲಿಟರಿ ಟೆಕ್ನಾಲಜಿ ಹೌದು. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಸೇನೆ ಹೆಲಿಕಾಪ್ಟರಿನ ತಿರುಗುವ ರೆಕ್ಕೆಗಳಿಗೆ ಇಂಥ ಫಿಲ್ಮ್ ಅಂಟಿಸಲು ಶುರು ಮಾಡಿತು. ಮರಳು, ಕಸ ಬಡಿದು ರೆಕ್ಕೆ ಸವೆಯಬಾರದು ಅಂತ. ಎಲ್ಲಿಗೆ ಅಂಟಿಸಿದ್ದು? ರೆಕ್ಕೆಯ ಮುಂದಿನ ಅಂಚಿಗೆ, ಎಲ್ಲಿ ಹೊಡೆತ ಬೀಳುತ್ತದೋ ಅಲ್ಲಿಗೆ. ಇಡೀ ಹೆಲಿಕಾಪ್ಟರಿಗೆ ಫಿಲ್ಮ್ ಸುತ್ತಿ ಯುದ್ಧಕ್ಕೆ ಕಳಿಸಿದ್ದಲ್ಲ. ಅಮೆರಿಕದ ಸೇನೆಗೆ ಇಲ್ಲದ ಹೆದರಿಕೆ ಬದಿಯಡ್ಕದ ಟೀಚರಿಗೆ ಯಾಕೆ?

ನನ್ನ ಲೆಕ್ಕದ ಹುಚ್ಚು ನಿಮಗೆ ಗೊತ್ತೇ ಇದೆ. ಕಂಪನಿಯಿಂದ ಬರುವಾಗ ಕಾರಿನ ಬಣ್ಣದ ಎಲ್ಲ ಪದರ ಸೇರಿ ಸುಮಾರು 100ರಿಂದ 130 ಮೈಕ್ರಾನ್ ದಪ್ಪ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಫಿಲ್ಮ್ 150ರಿಂದ 200 ಮೈಕ್ರಾನ್. ಅಂದರೆ ಬಣ್ಣಕ್ಕಿಂತ ದಪ್ಪ, ಕಲ್ಲಿನ ಪೆಟ್ಟು ನಿಜವಾಗಿಯೂ ತಡೆಯುತ್ತದೆ. ಫಿಲ್ಮ್ ಕೆಟ್ಟದ್ದು ಅಂತ ನಾನು ಹೇಳುತ್ತಲೇ ಇಲ್ಲ, ದಯವಿಟ್ಟು ಕಮೆಂಟಿನಲ್ಲಿ ಜಗಳಕ್ಕೆ ಬರಬೇಡಿ. ಸೆರಾಮಿಕ್ ಕೋಟಿಂಗ್ ಅಂತ ಇನ್ನೊಂದು ಮಾರುತ್ತಾರಲ್ಲ, ಅದರ ದಪ್ಪ ಹೆಚ್ಚೆಂದರೆ ಕೆಲವು ಮೈಕ್ರಾನ್. ನೀರು ನಿಲ್ಲದೆ ಜಾರುತ್ತದೆ, ತೊಳೆಯಲು ಸುಲಭ, ಹೊಳಪು ಬರುತ್ತದೆ. ಕಲ್ಲಿಗೆ ಅದು ಲೆಕ್ಕಕ್ಕೇ ಇಲ್ಲ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಗೊಂದಲ ಮಾಡುವವರನ್ನು ನಂಬಬೇಡಿ.

ಈಗ ಕಲ್ಲು ಎಲ್ಲಿ ಹೊಡೆಯುತ್ತದೆ ನೋಡೋಣ. ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲಿ ಪೆರ್ಲದ ಕಡೆ ಹೋಗುವವರಿಗೆ ನಾನು ಹೇಳಿಕೊಡಬೇಕಾ? ಮುಂದೆ ಜಲ್ಲಿಯ ಟಿಪ್ಪರ್ ಇದ್ದರೆ ಮುಗಿಯಿತು. ಹೈವೇ ಬೇರೆ ಈಗ ತಲಪಾಡಿಯಿಂದ ಚೆಂಗಳದವರೆಗೆ 39 ಕಿಲೋಮೀಟರ್ ಆರು ಪಥ. ಮೊದಲು 40ರಲ್ಲಿ ತೆವಳುತ್ತಿದ್ದವರು 80ರಲ್ಲಿ ಹೋಗುತ್ತಾರೆ. ವೇಗ ಎರಡು ಪಟ್ಟಾದರೆ ಪೆಟ್ಟಿನ ಶಕ್ತಿ ನಾಲ್ಕು ಪಟ್ಟು, ಒಂಬತ್ತನೇ ಕ್ಲಾಸಿನ ಪಾಠ ಇದು. ಆ ಪೆಟ್ಟು ಬೀಳುವುದು ಮುಂದಿನ ಬಂಪರಿಗೆ, ಬಾನೆಟ್ಟಿನ ಮುಂದಿನ ಅಂಚಿಗೆ, ಕನ್ನಡಿಯ ಬೆನ್ನಿಗೆ. ಇನ್ನೊಂದು ಜಾಗ ಯಾರೂ ಹೇಳುವುದಿಲ್ಲ. ಮುಂದಿನ ಚಕ್ರದ ಹಿಂದೆ, ಬಾಗಿಲಿನ ಕೆಳಗೆ ಓಡುವ ಪಟ್ಟಿ. ನಮ್ಮದೇ ಚಕ್ರ ನಮ್ಮದೇ ಕಾರಿಗೆ ಕಲ್ಲು ಹೊಡೆಯುವ ಜಾಗ ಅದು. ಇಲೆಕ್ಟ್ರಿಕ್ ಕಾರು ತೂಕ ಜಾಸ್ತಿ, ಒತ್ತಿದ ಕೂಡಲೇ ಎಳೆತ ಬೇರೆ. ಚರಳಿನ ಮೇಲೆ ಸ್ವಲ್ಪ ಜೋರಾಗಿ ಹೊರಟರೆ ಟರ್ರ್ ಅಂತ ಅಲ್ಲಿಗೇ ಬಡಿಯುತ್ತದೆ. ಇಂಜಿನ್ನಿನ ಸದ್ದಿಲ್ಲದ ಕಾರಣ ಒಂದೊಂದು ಕಲ್ಲೂ ಕಿವಿಗೆ ಕೇಳಿಸುತ್ತದೆ, ಅದು ಬೇರೆ ಸಂಕಟ.

ಬಂಪರ್ ಪ್ಲಾಸ್ಟಿಕ್. ಬಣ್ಣ ಎದ್ದರೆ ಕಾಣಲು ಚಂದ ಇಲ್ಲ, ಅಷ್ಟೇ. ಬಾನೆಟ್ ತಗಡು. ಅಲ್ಲಿ ಬಣ್ಣ ಎದ್ದು ತಗಡು ಕಂಡರೆ ಕುಂಬಳೆ, ಉಪ್ಪಳದ ಉಪ್ಪು ಗಾಳಿಗೆ ತುಕ್ಕು ಹಿಡಿಯಲು ಜಾಸ್ತಿ ದಿನ ಬೇಡ. ಹಾಗಾಗಿ ಬಾನೆಟ್ಟಿಗೆ ಹಾಕಿಸುವುದರಲ್ಲಿ ಅರ್ಥ ಉಂಟು. ಇಲೆಕ್ಟ್ರಿಕ್ ಕಾರಿಗೆ ಮುಂದೆ ದೊಡ್ಡ ಜಾಲರಿ ಬೇಕಾಗಿಲ್ಲ, ಹೆಚ್ಚಿನವುಗಳಲ್ಲಿ ಅಲ್ಲೂ ಬಣ್ಣದ ಹಾಳೆಯೇ. ಕಲ್ಲಿಗೆ ಸಿಗುವ ಜಾಗ ಅಷ್ಟು ದೊಡ್ಡದು. ಇದನ್ನು ಅವನು ಹೇಳಿದ್ದರೆ ತಲೆಯಾಡಿಸುತ್ತಿದ್ದೆ. ಅವನು ಹೇಳಿದ್ದು ಎಂತ? "ಇಲೆಕ್ಟ್ರಿಕ್ ಅಲ್ವಾ ಟೀಚರೇ, ಫುಲ್ ಫಿಲ್ಮ್ ಇದ್ರೆ ಬ್ಯಾಟರಿಗೂ ಬಿಸಿ ಕಡಿಮೆ." ಅಯ್ಯೋ ದೇವರೇ! ಬ್ಯಾಟರಿ ಇರುವುದು ಕಾರಿನ ಹೊಟ್ಟೆಯ ಅಡಿಯಲ್ಲಿ. ಟಾಪಿಗೆ ಅಂಟಿಸಿದ ಪಾರದರ್ಶಕ ಫಿಲ್ಮಿಗೂ ಅದಕ್ಕೂ ಎಂತ ಸಂಬಂಧ? ಹಂಪ್ ದಾಟುವಾಗ ಅಡಿ ತಾಗುತ್ತದೋ ಅಂತ ನಿಜವಾಗಿ ಹೆದರಬೇಕಾದ ಜಾಗಕ್ಕೆ ಯಾವ ಫಿಲ್ಮೂ ಇಲ್ಲ.

ಬೆಂಗಳೂರಿನ ತಮ್ಮ ಫೋನ್ ಮಾಡಿದ. ಅವನ ಕಾರಿಗೆ ನಖಶಿಖಾಂತ ಫಿಲ್ಮ್. ಕಾರು ಇರುವುದು ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ, ವಾರಕ್ಕೊಮ್ಮೆ ತರಕಾರಿಗೆ ಹೊರಗೆ ಬರುತ್ತದೆ. "ಅಕ್ಕಾ, ಕಂಪನಿ ಬಣ್ಣದ ಹಾಗೆ ಮತ್ತೆ ಬಳಿಯಲು ಆಗುವುದಿಲ್ಲ. ಮಾರುವಾಗ ರೇಟು ಸಿಗ್ತದೆ" ಅಂದ. ಮೊದಲ ಮಾತು ಸುಳ್ಳಲ್ಲ. ಫ್ಯಾಕ್ಟರಿಯಲ್ಲಿ ಬರೀ ಬಾಡಿಗೆ ಬಣ್ಣ ಬಳಿದು 140 ಡಿಗ್ರಿಯ ಆಸುಪಾಸಿನಲ್ಲಿ ಬೇಯಿಸುತ್ತಾರೆ. ಬ್ಯಾಟರಿ ಕೂರುವುದು ಆಮೇಲೆ. ಗ್ಯಾರೇಜಿನಲ್ಲಿ ಮತ್ತೆ ಬಳಿದರೆ 60 ಡಿಗ್ರಿ ಹತ್ತಿರ ಒಣಗಿಸುತ್ತಾರೆ, ಬ್ಯಾಟರಿ ಇರುವ ಕಾರಿಗೆ ಅದರಲ್ಲೂ ಜಾಗ್ರತೆ ಬೇಕು. ಒಪ್ಪಿದೆ. ಆದರೆ ಲೆಕ್ಕ ಮಾಡು ತಮ್ಮಾ. ನಮ್ಮ ಪರಿಚಯದ ಗ್ಯಾರೇಜಿನವರು ಒಂದು ಪ್ಯಾನೆಲಿಗೆ ಎಲ್ಲ ಸೇರಿ 6,000 ಹೇಳಿದ್ದಾರೆ. ಬಾನೆಟ್, ಎರಡು ಫೆಂಡರ್, ನಾಲ್ಕು ಬಾಗಿಲು, ಹಿಂದಿನ ಎರಡು ಬದಿ, ಡಿಕ್ಕಿ, ಎರಡು ಬಂಪರ್, ಟಾಪ್, ಒಟ್ಟು ಹದಿಮೂರು. ಇಡೀ ಕಾರಿಗೆ ಹೊಸದಾಗಿ ಬಣ್ಣ ಬಳಿಸಿದರೂ 78,000. ಹಾಳಾಗದಿರಲಿ ಅಂತ 1,41,600 ಕೊಡುವುದಾ? ಅದೂ ಎಲ್ಲ ಹದಿಮೂರೂ ಒಟ್ಟಿಗೆ ಹಾಳಾದರೆ ಅಂತ ಹಿಡಿದ ಲೆಕ್ಕ. ಇನ್ನು ಹಳೇ ಇಲೆಕ್ಟ್ರಿಕ್ ಕಾರು ಕೊಳ್ಳಲು ಬಂದವನು ಮೊದಲು ಕೇಳುವುದು ಬ್ಯಾಟರಿಯ ಆರೋಗ್ಯ, ಅದರ ವಾರಂಟಿ ಎಷ್ಟು ಉಳಿದಿದೆ ಅಂತ. ಹಿಂದಿನ ಬಾಗಿಲಿನ ಹೊಳಪಿಗೆ ಒಂದು ಲಕ್ಷ ಜಾಸ್ತಿ ಕೊಡುವ ಪುಣ್ಯಾತ್ಮ ಇದ್ದರೆ ವಿಳಾಸ ಕಳಿಸಿ.

ತಮ್ಮ ಫೋನ್ ಇಟ್ಟ. ಬೇಜಾರಾಗಿರಬೇಕು. ಆಗಲಿ.

ಮತ್ತೆ ಟಾಪಿಗೆ ಬರುತ್ತೇನೆ, ನನ್ನ ಸಿಟ್ಟೆಲ್ಲ ಇರುವುದು ಅಲ್ಲೇ. ನಮ್ಮಲ್ಲಿ ಟಾಪಿನ ಮೇಲೆ ಬೀಳುವುದು ಎಂತ? ತೆಂಗಿನಕಾಯಿ. ಅಡಿಕೆ ಸೋಗೆ. 200 ಮೈಕ್ರಾನ್ ಫಿಲ್ಮ್ ತೆಂಗಿನಕಾಯಿಗೆ ಎಂತ ಮಾಡೀತು? ತಗಡು ಗುಳಿ ಬೀಳುವುದನ್ನು ಯಾವ ಫಿಲ್ಮೂ ತಡೆಯುವುದಿಲ್ಲ. ಮರದ ಅಡಿಯಲ್ಲಿ ನಿಲ್ಲಿಸದಿದ್ದರೆ ಆಯಿತು, ಅದಕ್ಕೆ ಜಿಎಸ್‌ಟಿ ಇಲ್ಲ. ಕಾಗೆಯ ಹಿಕ್ಕೆ, ಹಲಸಿನ ಮಯಣ ಅಂದರೆ ಒಪ್ಪುತ್ತೇನೆ, ಹಿಕ್ಕೆಯ ಆಮ್ಲ ಬಿಸಿಲಿಗೆ ಬಣ್ಣ ತಿನ್ನುತ್ತದೆ. ಫಿಲ್ಮ್ ಇದ್ದರೆ ಅದರ ಮೇಲೂ ಕಲೆ ಕೂರುತ್ತದೆ. ಎರಡಕ್ಕೂ ಮದ್ದು ಒಂದೇ, ಬೇಗ ನೀರು ಹೊಯ್ಯುವುದು. ಮತ್ತೆ ತೋಟಕ್ಕೆ ಮದ್ದು ಬಿಡುವ ದಿನ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಗಾಳಿಗೆ ಅದರ ಹನಿ ಎಲ್ಲಿಗೆ ಹಾರುತ್ತದೆ ಅಂತ ಅಡಿಕೆ ಬೆಳೆಯುವವರ ಅಂಗಳದಲ್ಲಿ ಕಾರು ಇಟ್ಟವರಿಗೆ ಗೊತ್ತು. ನೀಲಿ ಕಾರಿನ ಮೇಲೆ ಬಿಳಿ ಚುಕ್ಕೆ ಚುಕ್ಕೆ. ಆ ದಿನ ಕಾರನ್ನು ಬದಿಯಡ್ಕ ಪೇಟೆಯಲ್ಲಿ ಬಿಟ್ಟು ಬಂದರೆ ಮುಗಿಯಿತು.

ನವಿಲಿನ ಕತೆ ಇವರದ್ದು. "ನವಿಲು ಕಾರಿನಲ್ಲಿ ತನ್ನ ಬಿಂಬ ನೋಡಿ ಕುಕ್ಕುತ್ತದೆ, ಬಾಗಿಲಿಗೂ ಹಾಕಿಸುವಾ" ಅಂತ. ಕುಕ್ಕುವುದು ಹೌದು, ಪಕ್ಕದ ಮನೆಯಲ್ಲಿ ನೋಡಿದ್ದೇವೆ. ಆದರೆ ಫಿಲ್ಮ್ ಹಾಕಿದರೆ ಹೊಳಪು ಇನ್ನೂ ಜಾಸ್ತಿ, ಬಿಂಬ ಇನ್ನೂ ಚಂದ ಕಾಣುತ್ತದೆ ಅಂದೆ. ಇವರು ಸುಮ್ಮನಾದರು. 1,41,600ಕ್ಕೆ ಇನ್ನಷ್ಟು ಸೇರಿಸಿದರೆ ಅಂಗಳದಲ್ಲಿ ಕಾರಿಗೊಂದು ಶೀಟಿನ ಮಾಡು ಆಗುತ್ತದೆ. ಅದು ಕಾಗೆಗೂ ಆಯಿತು, ಬಿಸಿಲಿಗೂ ಆಯಿತು, ವರ್ಷಕ್ಕೆ 3,500 ಮಿಲಿಮೀಟರ್ ಹತ್ತಿರ ಸುರಿಯುವ ನಮ್ಮ ಮಳೆಗೂ ಆಯಿತು. ನವಿಲಿಗೆ ಹಳೇ ಬೆಡ್‌ಶೀಟ್ ಸಾಕು.

ಇಷ್ಟೆಲ್ಲ ಹೇಳುವ ನಾನು ಕಾರಿನ ಬಗ್ಗೆ ನಿರ್ಲಿಪ್ತಳು ಅಂತ ತಿಳಿಯಬೇಡಿ. ಯಾರಿಗೂ ಹೇಳಬೇಡಿ (ಫೇಸ್‌ಬುಕ್ಕಿನಲ್ಲಿ ಬರೆದು ಯಾರಿಗೂ ಹೇಳಬೇಡಿ ಅನ್ನುವುದು!), ರಾತ್ರಿ ನೀರು ಕುಡಿಯಲು ಎದ್ದರೆ ಟಾರ್ಚ್ ಹಿಡಿದು ಅಂಗಳಕ್ಕೆ ಹೋಗುತ್ತೇನೆ. ಸುಮ್ನೆ ನೋಡಲು. ಅಪ್ಪನ ಮನೆಯಲ್ಲಿ ಸೈಕಲ್ಲೂ ಹುಡುಗರಿಗೆ ಮಾತ್ರ ಇತ್ತು. ಆ ನೀಲಿ ಬಣ್ಣವನ್ನು ಆರಿಸಿದ್ದು ನಾನು, ಮನೆಯಲ್ಲಿ ಎಲ್ಲರೂ ಬಿಳಿ ಅಂದಾಗ. ಅದಕ್ಕೇ ಹೆದರಿಸಿ ಮಾರುವವರ ಮೇಲೆ ಇಷ್ಟು ಸಿಟ್ಟು. ಪ್ರೀತಿ ಇದ್ದ ಕಡೆಗೇ ಕೈ ಹಾಕುತ್ತಾರೆ.

ಸರಿ, ನನ್ನ ತೀರ್ಮಾನ. ಮುಂದಿನ ಬಂಪರ್, ಇಡೀ ಬಾನೆಟ್, ಫೆಂಡರ್, ಕನ್ನಡಿಗಳ ಬೆನ್ನು, ಬಾಗಿಲಿನ ಕೆಳಗಿನ ಪಟ್ಟಿ. ಬಾನೆಟ್ ಅರ್ಧಕ್ಕೆ ಮಾತ್ರ ಹಾಕಿದರೆ ನಡುವೆ ಗೆರೆಯಲ್ಲಿ ಧೂಳು ಕೂತು ಕಾಣುತ್ತದೆ, ಅದು ಬೇಡ. ಬಾಗಿಲಿನ ಹ್ಯಾಂಡಲ್ ಹಿಂದಿನ ಗುಳಿಗೆ ನಾಲ್ಕು ತುಂಡು, ನನ್ನ ಉಗುರು ಮತ್ತು ಬಳೆಗಾಗಿ. ಡಿಕ್ಕಿಯ ತುಟಿಗೆ ಒಂದು ಪಟ್ಟಿ, ಅಕ್ಕಿ ಚೀಲ ಎಳೆಯುವಾಗ ಉಜ್ಜುವ ಜಾಗ. ಚಾರ್ಜಿಂಗ್ ಪೋರ್ಟಿನ ಸುತ್ತ ಒಂದು ಸಣ್ಣ ತುಂಡು, ಯಾಕೆಂದರೆ ಆ ಭಾರದ ಗನ್ನು ದಿನವೂ ಅಲ್ಲೇ ತಾಗುತ್ತದೆ. ಈ ಸಣ್ಣ ತುಂಡುಗಳೆಲ್ಲ ಉಳಿದ ಚೂರಿನಲ್ಲೇ ಆಗುತ್ತವೆ, ಕೇಳಿದರೆ ಮಾಡಿಕೊಡುತ್ತಾರೆ. ಕೇಳದಿದ್ದರೆ ಹೇಳುವುದಿಲ್ಲ. ಟಾಪ್, ಬಾಗಿಲು, ಹಿಂದಿನ ಬದಿ, ಯಾವುದಕ್ಕೂ ಇಲ್ಲ.

ಹಾಕಿಸುವವರು ಎರಡು ವಿಷಯ ನೋಡಿಕೊಳ್ಳಿ. ಅಗ್ಗ ಅಂತ ಪಿವಿಸಿ ಫಿಲ್ಮ್ ಹಾಕಿಸಬೇಡಿ, ಬೇಗ ಹಳದಿ ಆಗುತ್ತದೆ, ಕೀಳುವಾಗ ಅಂಟು ಉಳಿಯುತ್ತದೆ. ಬಿಲ್ಲಿನಲ್ಲಿ ಟಿಪಿಯು ಅಂತ ಬರೆಸಿ, ವಾರಂಟಿ ಕಾಗದ ಕೈಗೆ ತೆಗೆದುಕೊಳ್ಳಿ. ಮತ್ತೆ ಫಿಲ್ಮನ್ನು ಕಾರಿನ ಮೇಲೆಯೇ ಬ್ಲೇಡಿನಲ್ಲಿ ಕತ್ತರಿಸುತ್ತಾರಾ, ಕಂಪ್ಯೂಟರ್ ಮೆಷಿನ್ನಿನಲ್ಲಿ ಮೊದಲೇ ಕತ್ತರಿಸಿ ತರುತ್ತಾರಾ ಅಂತ ಕೇಳಿ. ಬಣ್ಣ ಉಳಿಸಲು ಹೋಗಿ ಬಣ್ಣದ ಮೇಲೆ ಬ್ಲೇಡ್ ಎಳೆಸಿಕೊಂಡವರು ಇದ್ದಾರೆ. ಬಂಪರಿನ ಸೆನ್ಸರ್ ಮೇಲೆ ಫಿಲ್ಮ್ ಬರಬಾರದು. ಹಾಕಿಸಿ ಒಂದು ವಾರ ಕಾರು ತೊಳೆಯುವ ಹಾಗಿಲ್ಲ, ಅಂಚು ಏಳುತ್ತದೆ. ಹಾಗಾಗಿ ಮಳೆಗಾಲಕ್ಕೆ ಮೊದಲೇ ಮುಗಿಸಬೇಕು.

ಇವತ್ತಿನ ಅಂಗಡಿಯಲ್ಲಿ ಮೆಷಿನ್ ಇಲ್ಲ, ಕೈಯಲ್ಲೇ ಕತ್ತರಿಸುವುದಂತೆ. ಕಾಸರಗೋಡಿನಿಂದ ಮಂಗಳೂರಿನವರೆಗೆ ಮೆಷಿನ್ ಕಟಿಂಗ್ ಇರುವ, ಹೇಳಿದಷ್ಟೇ ಜಾಗಕ್ಕೆ ಹಾಕಿಕೊಡುವ ಅಂಗಡಿ ಗೊತ್ತಿದ್ದರೆ ಇನ್‌ಬಾಕ್ಸಿಗೆ ಹಾಕಿ. ಲೆಕ್ಕವನ್ನು ನನ್ನ ಹತ್ತಿರ ಮಾತಾಡುವವರಾದರೆ ಇನ್ನೂ ಒಳ್ಳೆಯದು.