ಟೋಪಿ ಹಿಡಿಯಲು ಹೋದವನು

ಸ್ಪೇನಿನ ರೊಂಡಾ ಊರಿನ ಸೇತುವೆಯ ಮೇಲೆ ನಿಂತರೆ ಸೇತುವೆ ಕಾಣುವುದಿಲ್ಲ. ಆದರೂ ಎಲ್ಲರೂ ಅಲ್ಲೇ ನಿಲ್ಲುತ್ತಾರೆ. ನಾನೂ ಕಂಬಿ ಹಿಡಿದು ಬಗ್ಗಿ ನೋಡುತ್ತಿದ್ದೆ. 98 ಮೀಟರ್ ಕೆಳಗೆ ಗ್ವಾದಲೆವೀನ್ ಹೊಳೆ. ಎರಡು ಕಡೆಯೂ ಬಂಡೆಯ ಅಂಚಿಗೇ ಅಂಟಿಕೊಂಡ ಬಿಳಿ ಮನೆಗಳು. ಅಷ್ಟರಲ್ಲಿ ಪಕ್ಕದಲ್ಲೇ ಕೊಡೆ ಎತ್ತಿ ಹಿಡಿದ ಗೈಡ್ ಒಬ್ಬ ತನ್ನ ಗುಂಪಿಗೆ ಹೇಳಿದ: “ಇದನ್ನು ಕಟ್ಟಿದವನು ಇಲ್ಲಿಂದಲೇ ಬಿದ್ದು ಸತ್ತ. ಗಾಳಿಗೆ ಟೋಪಿ ಹಾರಿತು, ಹಿಡಿಯಲು ಹೋದ.” ಗುಂಪು ಲೊಚಗುಟ್ಟಿ, ಟೋಪಿ ಬಿದ್ದ ಜಾಗದ ಫೋಟೋ ತೆಗೆದುಕೊಂಡಿತು.

ನನಗೆ ಪಿತ್ತ ನೆತ್ತಿಗೇರಿತು. ಸತ್ತವನು ನನ್ನ ನೆಂಟನೇನೂ ಅಲ್ಲ. ಆದರೂ ಒಬ್ಬ ಮನುಷ್ಯನನ್ನು ದಿನಾ ಬೆಳಗ್ಗೆ ಹತ್ತು ಗಂಟೆಯಿಂದ ಸಂಜೆಯವರೆಗೆ ಸೇತುವೆಯಿಂದ ತಳ್ಳುತ್ತಲೇ ಇರುವುದು ಯಾವ ನ್ಯಾಯ? ಆತನ ಹೆಸರು ಹೊಸೆ ಮಾರ್ತಿನ್ ದೆ ಅಲ್ದೆವೇಲಾ. 1751ರಲ್ಲಿ ಶುರುವಾದ ಈ ಸೇತುವೆಯನ್ನು 1793ರಲ್ಲಿ ಮುಗಿಸಿ ಕೊಟ್ಟವನು. ಅದಾದ ಮೇಲೂ ಬದುಕಿದ್ದು, 1802ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ ತೀರಿಕೊಂಡ. ರೊಂಡಾದಲ್ಲೂ ಅಲ್ಲ, ಮಾಲಗಾದಲ್ಲಿ. ಆ ಊರಿಗೆ ನೀರು ತರುವ ಕಾಲುವೆಯನ್ನೂ ಮಾಡಿಸಿದ್ದ. ಒಟ್ಟಿನಲ್ಲಿ ಕೆಲಸ ಮಾಡಿ, ಮುದುಕನಾಗಿ ಸತ್ತ. ಇದರಲ್ಲಿ ಫೋಟೋ ತೆಗೆಯುವಂಥದ್ದು ಏನೂ ಇಲ್ಲ, ಅದೇ ತೊಂದರೆ.

ಕತೆಗೆ ಬೇರೆ ಬೇರೆ ರೂಪಗಳೂ ಇವೆ. ಒಂದರಲ್ಲಿ ಆತ ಬುಟ್ಟಿಯಲ್ಲಿ ಕೂತು ಕಲ್ಲುಗಳನ್ನು ನೋಡಲು ಇಳಿಯುತ್ತಿದ್ದನಂತೆ. ಇನ್ನೊಂದರಲ್ಲಿ, ಇದಕ್ಕಿಂತ ಚೆಂದದ್ದು ಇನ್ನು ನನ್ನಿಂದಾಗದು ಎಂದು ತಾನೇ ಹಾರಿದನಂತೆ. ಎಂಜಿನಿಯರ್‌ಗಳು ಹಾಗೆಲ್ಲ ಹಾರುವುದಿಲ್ಲ. ಬಿಲ್ ಬಾಕಿ ಇರುತ್ತದೆ. ಇನ್ನು ಟೋಪಿಯ ವಿಷಯ. ನೂರು ಮೀಟರ್ ಕಮರಿಯ ಅಂಚಿನಲ್ಲಿ ವರ್ಷಗಟ್ಟಲೆ ಕಲ್ಲು ಕೂರಿಸಿದವನಿಗೆ ಟೋಪಿ ಹೋದರೆ ಹೋಗಲಿ ಅನ್ನುವಷ್ಟು ಬುದ್ಧಿ ಇರಲಿಲ್ಲವೇ?

ನಿಜವಾಗಿ ಬಿದ್ದು ಸತ್ತವರು ಬೇರೆ ಇದ್ದಾರೆ. ಇದಕ್ಕೂ ಮೊದಲು ಇದೇ ಜಾಗದಲ್ಲಿ ಒಂದು ಸೇತುವೆ ಇತ್ತು. 1735ರಲ್ಲಿ ಕಟ್ಟಲು ಹೊರಟು, ಒಂದೇ ದೊಡ್ಡ ಕಮಾನಿನಲ್ಲಿ ಗಡಿಬಿಡಿಯಾಗಿ ಮುಗಿಸಿದ್ದರು. 1741ರಲ್ಲಿ ಅದು ಕುಸಿಯಿತು. ಸುಮಾರು ಐವತ್ತು ಜನ ಹೋದರು. ಆ ಐವತ್ತು ಜನರ ಸುದ್ದಿಯನ್ನೇ ಗೈಡ್ ಎತ್ತಲಿಲ್ಲ. ಪಾಪ, ಅವರ ಟೋಪಿಗಳ ಬಗ್ಗೆ ಯಾರೂ ಕತೆ ಕಟ್ಟಲಿಲ್ಲ, ಅಲ್ವಾ? ಹೋಗಿ ಹೇಳೋಣ ಅಂದುಕೊಂಡೆ. ಅಷ್ಟರಲ್ಲಿ ಕೊಡೆ ಮುಂದಕ್ಕೆ ಹೋಗಿತ್ತು, ಹಿಂದೆಯೇ ಇನ್ನೊಂದು ಕೊಡೆ ಬಂತು.

ಊರಿನಲ್ಲಿ ನೋಡಲು ಏನಿದೆ ಎಂದು ಹೇಳಲೆಂದೇ ಕೂತಿದ್ದು, ಹೇಳುತ್ತೇನೆ. ಗೂಳಿಕಾಳಗದ ಅಂಗಳ ಇದೆ, 1785ರದ್ದು. ಅದೂ ಅಲ್ದೆವೇಲಾನದೇ ಕೆಲಸ ಎನ್ನುತ್ತಾರೆ. ಪೆದ್ರೊ ರೊಮೆರೊ ಎಂಬ ಊರಿನ ವೀರ ಐದು ಸಾವಿರಕ್ಕೂ ಜಾಸ್ತಿ ಗೂಳಿಗಳನ್ನು ಕೊಂದು, ಮೈಮೇಲೆ ಒಂದು ಗಾಯವಿಲ್ಲದೆ ಮುದುಕನಾದನಂತೆ. ಕಲ್ಲಿನ ಕಂಬಗಳ ಸಾಲು ಚೆನ್ನಾಗಿದೆ. ಗೂಳಿ ಲೆಕ್ಕ ಕೇಳಿದ ಮೇಲೆ ಅಲ್ಲಿ ಜಾಸ್ತಿ ಹೊತ್ತು ಕೂರಲು ನನಗೆ ಮನಸ್ಸಾಗಲಿಲ್ಲ.

ಮೂರ್ ರಾಜನ ಮನೆ ಅಂತ ಒಂದಿದೆ. ಮೂರ್ ಎಂದರೆ ಒಂದು ಕಾಲದಲ್ಲಿ ಇಲ್ಲಿ ಆಳುತ್ತಿದ್ದ ಮುಸ್ಲಿಮರು. ಅವರ ಕೈಯಿಂದ ಊರು ಹೋದದ್ದು 1485ರಲ್ಲಿ. ಮನೆ ಕಟ್ಟಿದ್ದು 18ನೇ ಶತಮಾನದಲ್ಲಿ. ಯಾವ ರಾಜ ಬಂದು ಅಲ್ಲಿ ವಾಸ ಮಾಡಿದನೋ ಟಿಕೆಟ್ ಕೊಡುವವರನ್ನೇ ಕೇಳಬೇಕು. ಆದರೆ ಅಂಗಳದಿಂದ ಹೊಳೆಯವರೆಗೆ ಬಂಡೆಯೊಳಗೇ ಕೊರೆದ ಮೆಟ್ಟಿಲುಗಳಿವೆಯಲ್ಲ, ಅವು ನಿಜವಾಗಿಯೂ ಮೂರ್ ಜನರ ಕಾಲದವು. ಮುತ್ತಿಗೆ ಬಿದ್ದಾಗ ಊರಿಗೆ ನೀರು ಬರುತ್ತಿದ್ದದ್ದು ಇದೇ ದಾರಿಯಲ್ಲಿ. ಸೆರೆ ಸಿಕ್ಕ ಕ್ರೈಸ್ತರು ಚರ್ಮದ ಚೀಲಗಳಲ್ಲಿ ಹೊತ್ತು ತರುತ್ತಿದ್ದರಂತೆ. ಮೆಟ್ಟಿಲು ಒದ್ದೆ, ಕತ್ತಲು, ಒಂದೊಂದೂ ಒಂದೊಂದು ಎತ್ತರ. ಬರಿಗೈಯಲ್ಲಿ ಹತ್ತಿ ಬಂದ ನನಗೇ ಎರಡು ಮಂಡಿಯೂ ಮುಷ್ಕರ ಹೂಡಿದವು.

ಇನ್ನು ಅರಬ್ಬರ ಸ್ನಾನಗೃಹ. ಸ್ಪೇನಿನಲ್ಲಿ ಇಷ್ಟು ಚೆನ್ನಾಗಿ ಉಳಿದವು ಕಡಿಮೆ. ಕಮಾನು ಚಾವಣಿಯಲ್ಲಿ ನಕ್ಷತ್ರದ ಆಕಾರದ ಕಿಂಡಿಗಳಿವೆ, ತಣ್ಣನೆ, ಬೆಚ್ಚಗೆ, ಬಿಸಿ ಎಂದು ಮೂರು ಕೋಣೆಗಳಿವೆ. ತಪ್ಪದೆ ನೋಡಬೇಕಾದ ಜಾಗ. ಆದರೆ ಅದಿರುವುದು ಊರಿನ ತಳದಲ್ಲಿ, ಹೊಳೆಯ ಮಗ್ಗುಲಲ್ಲಿ. ಮತ್ತೆ ಇಳಿಯಬೇಕು, ಇಳಿದಷ್ಟನ್ನೂ ಮತ್ತೆ ಹತ್ತಬೇಕು. ಜೊತೆಯವರನ್ನು ಕಳಿಸಿ ನಾನು ನೆರಳಿರುವ ಹೋಟೆಲ್ ಹುಡುಕಿಕೊಂಡು ಕಾಫಿಗೆ ಹೇಳಿದೆ.